ಸೆಪ್ಟೆಂಬರ್‌ನಲ್ಲಿ ಅಪ್ಪ ಅವ್ವ ಸಾಸ್ಕಟೂನಿಗೆ ಬಂದರೆ

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಮೇ ತಿಂಗಳಲ್ಲಿ ಕೆನಡಾದ ಸಾಸ್ಕಟೂನಿಗೆ ಬಂದಿದ್ದೀಯ. ಸೆಪ್ಟೆಂಬರ್ ಮೊದಲ ವಾರ ರೋಣದಿಂದ ಅಪ್ಪ ಅವ್ವ ಬರುತ್ತಾರೆ, ನಾಲ್ಕು ವಾರ ಇರುತ್ತಾರೆ. ಚಳಿ ಎಷ್ಟಿರುತ್ತದೆ, ಏನೇನು ತರಬೇಕು, ಏನೇನು ತೋರಿಸಬೇಕು, ಬೆಟ್ಟ ನೋಡಲು ಬ್ಯಾನ್ಫ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರಲು ಎಷ್ಟು ದಿನ ಬೇಕು ಅಂತ ಕೇಳಿದ್ದೀಯ. ಅಣ್ಣಾ ಅಂತ ಕರೆದಿದ್ದೀಯಲ್ಲ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನಾನು ನವಲಗುಂದದ ಕಡೆಯವನು. ನಿನಗೂ ನನಗೂ ಒಂದೇ ಎರೆ ಮಣ್ಣು.

ನಾನು ಇಲ್ಲಿ ಇಳಿದದ್ದೂ ಸೆಪ್ಟೆಂಬರ್‌ನಲ್ಲೇ, 2008ರಲ್ಲಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡ ಒಂದು ಸ್ವೆಟರ್ ಇತ್ತು, ಅದೇ ನನ್ನ ಧೈರ್ಯ. ಮೊದಲ ದಿನದ ಬಿಸಿಲು ನೋಡಿ, ಇದಕ್ಕೇನಾ ಎಲ್ಲರೂ ಅಷ್ಟು ಹೆದರಿಸಿದ್ದು ಅಂದುಕೊಂಡೆ. ಎರಡನೇ ವಾರ ಒಂದು ಬೆಳಿಗ್ಗೆ ಹೊರಗೆ ಬಂದರೆ ಬೀದಿಯ ಕಾರುಗಳ ಗಾಜಿನ ಮೇಲೆಲ್ಲ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬೆಳ್ಳಗೆ ಏನೋ ಕೂತಿತ್ತು. ಮುಟ್ಟಿದೆ. ಬೆರಳು ಸುಟ್ಟ ಹಾಗಾಯಿತು.

ಹಾಗಾಗಿ ಚಳಿಯ ವಿಷಯ: ಹಗಲು 18–20 ಡಿಗ್ರಿ, ಬೆಳಗಿನ ಜಾವ 5ರ ಆಸುಪಾಸು. ತಿಂಗಳ ಕೊನೆಗೆ ಒಂದೊಂದು ರಾತ್ರಿ ಸೊನ್ನೆಗೂ ಇಳಿಯುತ್ತದೆ. ಅವ್ವ ಇಳಕಲ್ ಸೀರೆಯನ್ನೇ ಉಡಲಿ, ಒಳಗೊಂದು ಥರ್ಮಲ್, ಮೇಲೊಂದು ಸ್ವೆಟರ್, ಕಾಲಿಗೆ ಬೂಟು. ಊರಲ್ಲಿ ದಪ್ಪ ಜಾಕೆಟ್ ಕೊಂಡು ಹೊತ್ತು ತರುವುದು ದಂಡ. ಗಾಳಿ ತುಂಬಾ ಒಣ, ತುಟಿ ಒಡೆಯುತ್ತವೆ, ಕೊಬ್ಬರಿ ಎಣ್ಣೆ ಬಾಟಲಿ ಇರಲಿ.

ವಿಮೆ ಮಾಡಿಸು. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡ. ನೋಡಲು ಬಂದವರಿಗೆ ನಮ್ಮ ಸಾಸ್ಕಾಚೆವಾನ್ ಪ್ರಾಂತ್ಯದ ಹೆಲ್ತ್ ಕಾರ್ಡ್ ಸಿಗುವುದಿಲ್ಲ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸು. ಮಾತ್ರೆ ಮತ್ತು ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ. ತಿನಿಸು ಏನೇ ತಂದರೂ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಹೇಳಿಬಿಡಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬೇಕು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆ ಬೀಜವನ್ನು ಮಾತ್ರ ಅಪ್ಪ ಗಂಟು ಕಟ್ಟಿಕೊಂಡು ಬರದ ಹಾಗೆ ನೋಡಿಕೊ. ರೈತರಿಗೆ ಆ ಚಾಳಿ ಇರುತ್ತದೆ, ಅಲ್ವಾ?

ಇಲ್ಲಿಗೂ ಊರಿಗೂ ಹನ್ನೊಂದೂವರೆ ತಾಸಿನ ವ್ಯತ್ಯಾಸ. ಕೆನಡಾದ ಬೇರೆ ಎಷ್ಟೋ ಕಡೆಗಳ ಹಾಗೆ ಇಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ, ಅದೊಂದು ಪುಣ್ಯ. ಮೊದಲ ವಾರ ಇಬ್ಬರೂ ರಾತ್ರಿ ಎರಡಕ್ಕೆ ಎದ್ದು ಕತ್ತಲಲ್ಲಿ ಕೂತಿರುತ್ತಾರೆ. ಚಹಾ ಸಾಮಾನು ಎಲ್ಲಿದೆ, ಒಲೆ ಹೇಗೆ ಹಚ್ಚುವುದು ಅಂತ ಬಂದ ದಿನವೇ ಹೇಳಿಕೊಡು.

ಊರೊಳಗೆ ನೋಡುವುದು ಎರಡು ಮೂರು ದಿನದ ಕೆಲಸ. ನದಿ ದಂಡೆಯ ಮೀವಾಸಿನ್ ದಾರಿಯಲ್ಲಿ ನಡೆಸು. ಅಲ್ಲಿಂದ ಕೋಟೆಯ ಹಾಗೆ ಕಾಣುವ ಬೆಸ್ಬರೋ ಹೋಟೆಲ್ ತೋರಿಸು, 1935ರಲ್ಲಿ ತೆರೆದದ್ದು. ಊರ ಹೊರಗೆ ವಾನಸ್ಕೇವಿನ್ ಇದೆ, ಇಲ್ಲಿನ ಮೂಲ ಜನರ ಜಾಗ. 2019ರಲ್ಲಿ ಅಲ್ಲಿಗೆ ಬೈಸನ್ ಅನ್ನುವ ಕಾಡುದನಗಳನ್ನು ವಾಪಸ್ ತಂದರು. ದನ ಕಟ್ಟಿದ ಮನೆಯವರಿಗೆ ಅದು ಖಂಡಿತ ಹಿಡಿಸುತ್ತದೆ. ಸಾಸ್ಕಟೂನ್ ಅನ್ನುವುದು ಒಂದು ಹಣ್ಣಿನ ಹೆಸರು, ನೋಡಲು ಸಣ್ಣ ನೇರಳೆಯ ಹಾಗೆ. ಅದು ಜುಲೈಗೇ ಮುಗಿದಿರುತ್ತದೆ, ಸೆಪ್ಟೆಂಬರ್‌ನಲ್ಲಿ ಹುಡುಕಬೇಡ.

ಇನ್ನು ಬ್ಯಾನ್ಫ್. ಹೋಗಲು ಒಂದು ದಿನ, ಬರಲು ಒಂದು ದಿನ, ಒಂದು ಕಡೆಗೇ ಸುಮಾರು 740 ಕಿಲೋಮೀಟರ್. ಇದರ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ.

ನನ್ನ ಅಪ್ಪ ಅವ್ವ ಬಂದದ್ದು 2017ರ ಸೆಪ್ಟೆಂಬರ್ ಮೊದಲ ವಾರ. ಬಂದ ಎರಡನೇ ದಿನ ಅಪ್ಪ ಅಡುಗೆಮನೆಯಲ್ಲಿ ಮಸೂರ ಬೇಳೆಯ ಪ್ಯಾಕೆಟ್ ಹಿಡಿದು ನಿಂತಿದ್ದ. ನಮ್ಮ ಕಡೆ ಚನ್ನಂಗಿ ಬೇಳೆ ಅಂತೀವಲ್ಲ, ಅದೇ. ಇದು ಇಲ್ಲೇ ಬೆಳೆದದ್ದು ಅಂದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಐವತ್ತು ವರ್ಷದ ಹಿಂದೆ ಇಲ್ಲಿನ ರೈತರಿಗೂ ಬರುತ್ತಿರಲಿಲ್ಲ ಬಿಡು. 1972ರಲ್ಲಿ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದ ಆಲ್ ಸ್ಲಿಂಕಾರ್ಡ್ ಎಂಬ ವಿಜ್ಞಾನಿ 1978ರಲ್ಲಿ ಲೇರ್ಡ್ ಎಂಬ ತಳಿ ಕೊಟ್ಟ ಮೇಲೆ ಮಸೂರ ಇಲ್ಲಿ ಬೇರು ಬಿಟ್ಟಿತು. ಈಗ ಕೆನಡಾದ ಮಸೂರದಲ್ಲಿ ಹೆಚ್ಚಿನದು ಈ ಪ್ರಾಂತ್ಯದ್ದೇ.

ಅಪ್ಪ ಕೇಳಿದ್ದು ಒಂದೇ ಮಾತು: “ಗೇಣುದ್ದ ಗಿಡ ಅದು. ಮಷಿನ್ ಹೆಂಗ ಕೊಯ್ತದಪಾ? ಕಲ್ಲು ಅದರ ಬಾಯಾಗ ಹೋಗಂಗಿಲ್ಲೇನು? ಒಮ್ಮೆ ತೋರಿಸು.”

ತೋರಿಸೋಣ ಅಂದೆ. ಆದರೆ ಮೊದಲು ಬ್ಯಾನ್ಫ್ ಅಂದೆ. ಆ ವರ್ಷ ಕೆನಡಾಕ್ಕೆ 150 ತುಂಬಿತ್ತು, ರಾಷ್ಟ್ರೀಯ ಉದ್ಯಾನಗಳಿಗೆಲ್ಲ ಪ್ರವೇಶ ಪುಕ್ಕಟೆ. ರಜೆಯನ್ನೂ ಅದಕ್ಕೇ ಬರೆಸಿದ್ದೆ. ಊರಿಗೆ ಹೋದ ಮೇಲೆ ನಾಲ್ಕು ಜನರಿಗೆ ತೋರಿಸಲು ಬೆಟ್ಟದ ಫೋಟೋ ಬೇಕಲ್ಲ? ನನಗೇ ಬೇಕಿತ್ತು ಅನ್ನುವುದು ಸರಿ. ಕಾಡಿಗೆ ಬೆಂಕಿ ಬಿದ್ದ ಹೊಗೆಯಲ್ಲಿ ಬೆಟ್ಟಗಳೇ ಸರಿಯಾಗಿ ಕಾಣಲಿಲ್ಲ. ಹೋಗುವಾಗ ದಾರಿಯುದ್ದಕ್ಕೂ ಹೊಲಗಳಲ್ಲಿ ಕಂಬೈನ್ ಅನ್ನುವ ಕೊಯ್ಲಿನ ಮಷಿನ್‌ಗಳು ಧೂಳೆಬ್ಬಿಸುತ್ತಿದ್ದವು. ಅಪ್ಪ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಒಂದು ಸಲ “ನಿಲ್ಲಸ್ತೀಯೇನು?” ಅಂದ. ಹೋಟೆಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಬರುವಾಗ ನಿಲ್ಲಿಸುತ್ತೇನೆ ಅಂದೆ. ಬರುವಾಗ ಕತ್ತಲಾಗಿತ್ತು.

ಆಮೇಲೆ ಆಫೀಸಿನ ಕೆಲಸ ಮೈಮೇಲೆ ಬಿತ್ತು. 23ನೇ ತಾರೀಖು ಶನಿವಾರ ಬುತ್ತಿ ಕಟ್ಟಿಕೊಂಡು 7ನೇ ಹೆದ್ದಾರಿಯಲ್ಲಿ ಮಸೂರ ಬೆಳೆಯುವ ರೋಸ್‌ಟೌನ್ ಕಡೆ ಹೋದೆವು. ಆ ವರ್ಷ ಮಳೆ ಕಡಿಮೆ, ಸುಗ್ಗಿ ಬೇಗ ಮುಗಿದಿತ್ತು. ಕಣ್ಣು ಹರಿಯುವಷ್ಟು ದೂರ ಬರೀ ಕೂಳೆ. ಅಪ್ಪ ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣಲ್ಲಿ ಉದುರಿದ್ದ ಕಾಳು ನಾಲ್ಕು ಆರಿಸಿದ. ಒಂದನ್ನು ಹಲ್ಲಿಗೆ ಹಾಕಿ ಕಟ್ ಅನ್ನಿಸಿದ. “ಛಲೋ ಒಣಗ್ಯಾವ” ಅಂದ. ಅಷ್ಟೇ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಸಲ ದಸರಾ ಸೆಪ್ಟೆಂಬರ್ 30ಕ್ಕೆ ಬಂತು. ಬನ್ನಿ ಎಲ್ಲಿಂದ ತರುವುದು? ನದಿ ದಂಡೆಯ ಆಸ್ಪೆನ್ ಮರಗಳು ಹಳದಿ ತಿರುಗಿದ್ದವು. ಅವ್ವ ಸೆರಗಿನಲ್ಲಿ ಆ ಎಲೆ ಆರಿಸಿ ತಂದು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅಂತ ಪಕ್ಕದ ಮನೆಯ ಉಕ್ರೇನಿಯನ್ ಅಜ್ಜಿಗೂ ಕೊಟ್ಟಳು. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡರು. ನಿನ್ನ ಅವ್ವ ದಸರಾಕ್ಕೆ ಇಲ್ಲೇ ಇದ್ದರೆ ನೆನಪಿರಲಿ, ಎಲೆ ತಿಂಗಳ ಕೊನೆಗೆ ಚೆನ್ನಾಗಿರುತ್ತವೆ. ಒಂದು ಜೋರು ಗಾಳಿ ಬಂದರೆ ಮುಗಿಯಿತು.

ಅವರು ವಾಪಸ್ ಹೋದ ಮೇಲೆ, ಡಿಸೆಂಬರ್‌ನಲ್ಲಿ, ಭಾರತ ಸರ್ಕಾರ ಮಸೂರ ಮತ್ತು ಕಡಲೆಯ ಆಮದಿನ ಮೇಲೆ ಶೇಕಡಾ 30 ಸುಂಕ ಹಾಕಿತು. ನಮ್ಮ ಹೊಲದಲ್ಲಿ ಕಡಲೆ ಇತ್ತು, ಅಪ್ಪ ಖುಷಿಪಡಬೇಕಿತ್ತು. ಫೋನ್ ಮಾಡಿ ಕೇಳಿದ್ದು, “ಆ ರೋಸ್‌ಟೌನಿನ ಮಂದಿ ಏನ್ ಮಾಡ್ತಾರ ಈಗ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲ್ಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಆಮೇಲೆಯೇ. ಬಿತ್ತಿದ ಮೇಲೆ ಭಾರವಾದ ರೋಲರ್ ಉರುಳಿಸಿ ಕಲ್ಲನ್ನೆಲ್ಲ ಮಣ್ಣಿಗೆ ಒತ್ತುತ್ತಾರೆ, ಕೊಯ್ಯುವ ಅಲಗು ನೆಲಕ್ಕೆ ಸವರಿಕೊಂಡೇ ಹೋಗುತ್ತದೆ. ಹೇಳಿದಾಗ ಅಪ್ಪ, “ನಾವು ಕೊರಡು ಹೊಡದಂಗ” ಅಂದ. ಈಗ ಅವನಿಗೆ ಮೊಣಕಾಲು ನೋವು, ಅಷ್ಟು ದೂರ ವಿಮಾನದಲ್ಲಿ ಕೂರಲು ಆಗುವುದಿಲ್ಲ. ಪ್ರತಿ ವರ್ಷ ಸುಗ್ಗಿಯ ವಿಡಿಯೋ ಕಳಿಸುತ್ತೇನೆ. ನೋಡಿ, “ವಾಸನಿ ಬರಂಗಿಲ್ಲಲ್ಲೋ” ಅನ್ನುತ್ತಾನೆ.

ನಿನ್ನ ಅಪ್ಪನೂ ಒಕ್ಕಲುತನದವರು ಅಂತ ಬರೆದಿದ್ದೀಯ. ಬ್ಯಾನ್ಫ್ ಕೊನೆಯ ವಾರಕ್ಕೆ ಹಾಕಿಕೊ. ಬಂದ ಮೊದಲ ಶನಿವಾರವೇ ರೋಸ್‌ಟೌನ್ ಕಡೆ ಹೊರಡು, ನಿದ್ದೆಗೆಟ್ಟಿದ್ದರೂ ಸರಿ. ಮಳೆ ಬಂದರೆ ಮಾತ್ರ ಕಾಳು ಒಣಗುವವರೆಗೆ ಕಂಬೈನ್ ನಿಂತಿರುತ್ತದೆ. ಮಧ್ಯಾಹ್ನದ ಮೇಲೆ ಹೋಗು, ಬೆಳಿಗ್ಗೆ ಇಬ್ಬನಿಗೆ ಶುರು ಮಾಡುವುದಿಲ್ಲ. ಕೇಳದೆ ಯಾರ ಹೊಲಕ್ಕೂ ಕಾಲಿಡಬೇಡ. ಇದು ನಮ್ಮೂರಲ್ಲ, ಬೂಟಿನ ಮಣ್ಣಿನಿಂದ ಬೆಳೆಗೆ ರೋಗ ಹರಡುತ್ತದೆ ಅಂತಲೂ ಇಲ್ಲಿಯವರಿಗೆ ಹೆದರಿಕೆ.

ಅಥವಾ ನನಗೊಂದು ಫೋನ್ ಮಾಡು. ಆ ದಾರಿಯಲ್ಲಿ ನನಗೆ ಪರಿಚಯದ ರೈತರೊಬ್ಬರಿದ್ದಾರೆ. ಅವರ ಕಂಬೈನ್‌ನಲ್ಲಿ ಓಡಿಸುವವರ ಪಕ್ಕ ಇನ್ನೊಂದು ಸೀಟಿದೆ. ಕೇಳಿ ನೋಡುತ್ತೇನೆ.