ಮೊದಲ ಸರದಿ ಸಿಕ್ಕವ್ರೇ ಗೆಲ್ತಾರಾ?

ಪ್ರಶ್ನೆ: ಟಿಕೆಟ್ ಟು ರೈಡ್ (ಬಣ್ಣದ ಕಾರ್ಡ್ ಕೊಟ್ಟು ಊರಿಂದೂರಿಗೆ ಬೋಗಿ ಹಾಕಿ ರೈಲು ರೂಟು ಹಿಡಿಯೋ ಬೋರ್ಡ್ ಆಟ) ಆಡೋವಾಗ ಯಾರು ಶುರು ಮಾಡ್ಬೇಕು ಅಂತ ನಮ್ಮನೇಲಿ ಪ್ರತಿ ಸಲ ಜಗಳ. ಮೊದಲು ಆಡೋರಿಗೆ ನಿಜವಾಗ್ಲೂ ಲಾಭ ಇದ್ಯಾ, ಇಲ್ಲಾ ಸೋತವ್ರ ನೆಪಾನಾ? ನಾವು ಮೂರು ಜನ, ಅಮೆರಿಕ ಮ್ಯಾಪು. (ಹಾಸನ)

ಉತ್ತರ: ಲಾಭ ಇದೆ, ಆದ್ರೆ ನೀವು ಹುಡುಕ್ತಿರೋ ಕಡೆ ಅಲ್ಲ. ಶುರುವಲ್ಲಿ ಎಲ್ರ ಕೈಲೂ ನಾಲ್ಕೇ ಕಾರ್ಡು, ಅದ್ರಲ್ಲಿ ಒಂದೇ ಬಣ್ಣದ ಜೋಡಿ ಬಂದಿದ್ರೆ ಮೊದಲನೆಯವ್ರು ಹೂಸ್ಟನ್-ನ್ಯೂ ಆರ್ಲಿಯನ್ಸ್ ಹಿಡ್ಕೋಬಹುದು, ಬರೀ ಎರಡು ಪಾಯಿಂಟಿನ ರೂಟು ಆದ್ರೆ ಅಲ್ಲಿ ಜೋಡಿ ಹಳಿ (ಇನ್ನೊಬ್ರು ಹಿಡಿಯೋಕೆ ಪಕ್ಕದಲ್ಲೇ ಎರಡನೇ ಹಳಿ) ಇಲ್ಲ, ಲಾಸ್ ಏಂಜಲೀಸ್-ಮಯಾಮಿ ಟಿಕೆಟ್ (ಆ ಎರಡು ಊರು ಜೋಡಿಸ್ಬೇಕು ಅನ್ನೋ ಗುರಿ ಕಾರ್ಡು) ಇಟ್ಕೊಂಡು ಕೂತವ್ರು ಡಲ್ಲಾಸ್, ಲಿಟಲ್ ರಾಕ್ ಸುತ್ಕೊಂಡು ಬರ್ಬೇಕಾಗತ್ತೆ. ಮೂರೇ ಜನ ಇದ್ರೆ ಜೋಡಿ ಹಳಿ ಇರೋ ಕಡೇನೂ ಒಬ್ರಿಗೇ ಚಾನ್ಸು. ಆದ್ರೂ ಮೊದಲ ಸರದೀಲೇ ಯಾರ್ ತಮ್ಮ ಪ್ಲಾನಿನ ಗುಟ್ಟು ಬಿಟ್ಕೊಡ್ತಾರೆ ಹೇಳಿ!

ಅಸಲಿ ಲೆಕ್ಕ ಇರೋದು ಕೊನೇಲಿ. ಪ್ರತಿಯೊಬ್ರಿಗೂ ಸಿಗೋ 45 ಬೋಗೀಲಿ ಯಾರದ್ದಾದ್ರೂ ಎರಡೋ ಅದಕ್ಕಿಂತ ಕಮ್ಮಿನೋ ಉಳಿದ್ರೆ, ಅವ್ರೂ ಸೇರಿ ಎಲ್ರಿಗೂ ಇನ್ನೊಂದೊಂದು ಸರದಿ. ಈಗ ನೋಡಿ, ಮೊದಲನೆಯವ್ರು ಮುಗಿಸಿದ್ರೆ ಅವ್ರಿಗೆ ಉಳಿದಿಬ್ರಿಗಿಂತ ಒಂದು ಸರದಿ ಜಾಸ್ತಿ, ಎರಡನೆಯವ್ರು ಮುಗಿಸಿದ್ರೆ ಮೂರನೆಯವ್ರಿಗೆ ಮಾತ್ರ ಒಂದು ಕಮ್ಮಿ, ಮೂರನೆಯವ್ರೇ ಮುಗಿಸಿದ್ರೆ ಎಲ್ರಿಗೂ ಸಮ. ಅಂದ್ರೆ ಮೂರನೇ ಸೀಟಿಗೆ ಎಕ್ಸ್‌ಟ್ರಾ ಸರದಿ ಯಾವತ್ತೂ ಇಲ್ಲ. ಆರು ಬೋಗಿಯ ರೂಟಿಗೆ 15 ಪಾಯಿಂಟು, ಹಾಗಾಗಿ ಒಂದು ಸರದಿ ಸಣ್ಣದೇನಲ್ಲ. ಅಲ್ಲಿ ಕೂತವ್ರು ಕಾರ್ಡ್ ಗುಡ್ಡೆ ಹಾಕ್ಕೊಂಡು ಕಾಯ್ಬಾರ್ದು, ಪಕ್ಕದವ್ರ ಬೋಗಿ ಎಂಟಕ್ಕೆ ಇಳೀತು ಅಂದ್ರೆ ಒಂದೇ ಏಟಿಗೆ ಆರು ಹಾಕಿ ಆಟ ಮುಗಿಸಿಬಿಡ್ತಾರೆ.

ಪ್ರಶ್ನೆ: ಏಜ್ ಆಫ್ ಸ್ಟೀಮ್‌ನಲ್ಲಿ ಸರದಿಗೇ ಹರಾಜು ಕೂಗ್ಬೇಕಲ್ಲ, ಎಷ್ಟರವರೆಗೆ ಕೂಗೋದು? (ಬೆಂಗಳೂರು)

ಉತ್ತರ: ಮಾರ್ಟಿನ್ ವ್ಯಾಲೇಸ್ 2002ರಲ್ಲಿ ತಂದ, ಹಳಿ ಹಾಕಿ ಸರಕು ಸಾಗಿಸೋ ಈ ಬೋರ್ಡ್ ಆಟದಲ್ಲಿ ದುಡ್ಡೇ ಉಸಿರು. ಮೊದಲು ಕೈಬಿಟ್ಟವ್ರು ಏನೂ ಕೊಡಲ್ಲ, ಕೊನೇಗೆ ಆಡ್ತಾರೆ, ಕಡೇವರೆಗೆ ಉಳಿದಿಬ್ರು ಕೂಗಿದ್ದಷ್ಟೂ ಕಟ್ಬೇಕು, ಮಧ್ಯದವ್ರು ಅರ್ಧ. ಅಂದ್ರೆ ಎರಡನೇ ಸ್ಥಾನಕ್ಕೆ ಪೂರ್ತಿ ದುಡ್ಡು ಕೊಡೋದು ಶುದ್ಧ ದಂಡ, ನನ್ನ ಪ್ರಕಾರ. ದುಡ್ಡಿಗೋಸ್ಕರ ಷೇರು ಬಿಟ್ರೆ ಒಂದೊಂದಕ್ಕೆ ಸಿಗೋದು ಐದು ಡಾಲರು, ಆಮೇಲೆ ಪ್ರತಿ ಸುತ್ತಲ್ಲೂ ಒಂದೊಂದು ಡಾಲರ್ ಆಟ ಮುಗಿಯೋವರೆಗೂ ತಿಂತಾನೇ ಇರತ್ತೆ. ನಿಮಗೆ ಬೇಕಾದ ಸರಕಿನ ಮೇಲೆ ಇನ್ನೊಬ್ರ ಕಣ್ಣೂ ಇದ್ರೆ ಮಾತ್ರ ಜಾಸ್ತಿ ಕೂಗಿ, ಇಲ್ಲಾಂದ್ರೆ ಬೇಗ ಬಿಡಿ. ಸುತ್ತಿಗೊಂದರಂತೆ ಆರಿಸ್ಕೊಳ್ಳೋ ವಿಶೇಷ ಹಕ್ಕುಗಳಲ್ಲಿ (ಆಕ್ಷನ್) ಫಸ್ಟ್ ಮೂವ್ ಯಾರೂ ಎತ್ಕೊಂಡಿಲ್ಲ ಅಂದ್ರೆ ಕೊನೆಯವ್ರೂ ಅದನ್ನ ತಗೊಂಡು ಎಲ್ರಿಗಿಂತ ಮುಂಚೆ ಸರಕು ಸಾಗಿಸ್ಬಹುದು.