ಕ್ವಾರಿ ವಿಸ್ತರಣೆ: ಆಳಕ್ಕೋ, ಅಗಲಕ್ಕೋ?

ಪ್ರಶ್ನೆ: ನಗರ ಬೆಳೆದಂತೆ ಜಲ್ಲಿಗೆ ಬೇಡಿಕೆ ಏರಿದೆ. ಈಗಿರುವ ಕಲ್ಲು ಕ್ವಾರಿಯನ್ನು ನೇರ ಆಳಕ್ಕೆ ಒಯ್ಯಬಹುದೇ? ಸಿಡಿತದಿಂದ ಮನೆಗಳು ನಡುಗುತ್ತವೆಂಬ ದೂರೂ ಇದೆ.

ಉತ್ತರ: ಮೊದಲು ಅಗಲ, ಆಮೇಲೆ ಆಳ. ಮೇಲ್ಮಣ್ಣು ತೆಗೆದು, ಮೇಲಿನ ಬೆಂಚುಗಳನ್ನು (ಬಂಡೆಯಲ್ಲಿ ಕಡಿದ ಮೆಟ್ಟಿಲಿನಂಥ ಹಂತಗಳನ್ನು) ಹಿಂದಕ್ಕೆ ಸರಿಸದೆ ತಳ ಅಗೆದರೆ ಲಾರಿ ಇಳಿಯುವ ದಾರಿಗೇ ಜಾಗವಿರುವುದಿಲ್ಲ. ಹತ್ತಕ್ಕೊಂದರ ಇಳಿಜಾರಾದರೆ 10 ಮೀಟರ್ ಆಳಕ್ಕೆ 100 ಮೀಟರ್ ದಾರಿ ಬೇಕು. ಎದುರುಬದುರು ಓಡಾಟಕ್ಕೆ ಅದರ ಅಗಲ ಲಾರಿಯ ಮೂರೂವರೆ ಪಟ್ಟಿರಲಿ.

ಸಿಡಿಮದ್ದು ತುಂಬಲು ಬಂಡೆಯಲ್ಲಿ ಕೊರೆಯುವ ಕುಳಿಗಳ ಲೆಕ್ಕ ಹೀಗೆ: ಬೆಂಚಿನ ಎತ್ತರ 10 ಮೀಟರ್, ಮುಖದಿಂದ, ಅಂದರೆ ಬೆಂಚಿನ ತೆರೆದ ಗೋಡೆಯಿಂದ, ಕುಳಿಗೆ 3, ಕುಳಿಯಿಂದ ಕುಳಿಗೆ 3.5 ಮೀಟರ್ ಎಂದರೆ ಒಂದು ಕುಳಿಗೆ 105 ಘನ ಮೀಟರ್ ಕಲ್ಲು. ಗ್ರಾನೈಟ್ ಆದರೆ ಸುಮಾರು 280 ಟನ್.

ನಡುಕಕ್ಕೆ ಮುಖ್ಯ ಕಾರಣ ಒಟ್ಟು ಮದ್ದಲ್ಲ, ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದು. ಕುಳಿಗಳ ನಡುವೆ 17 ಅಥವಾ 25 ಮಿಲಿಸೆಕೆಂಡ್ ಅಂತರ ಕೊಡಿ. ಕುಳಿಯ ಬಾಯನ್ನು ಕೊರೆದ ಪುಡಿಯಿಂದ ತುಂಬುವ ಅಭ್ಯಾಸ ದಯವಿಟ್ಟು ಬಿಡಿ. ಪುಡಿ ಬಂದೂಕಿನ ಗುಂಡಿನಂತೆ ಹಾರಿಹೋಗುತ್ತದೆ, ಅನಿಲ ಸೋರಿ ಕಲ್ಲು ದೂರಕ್ಕೆ ಚಿಮ್ಮುತ್ತದೆ. 100 ಮಿಲಿಮೀಟರ್ ಕುಳಿಗೆ 10–12 ಮಿಲಿಮೀಟರ್ ಮೂಲೆಯುಳ್ಳ ಜಲ್ಲಿ ಹಾಕಿದರೆ ಚೂರುಗಳು ಒಂದಕ್ಕೊಂದು ಕಚ್ಚಿಕೊಂಡು ಬಾಯಿ ಬಿಗಿಯುತ್ತವೆ. ತುಂಬುವ ಉದ್ದ ಎರಡೂವರೆ ಮೀಟರ್‌ಗೆ ಕಡಿಮೆ ಬೇಡ. ಮುಖದಲ್ಲಿ ಬಿರುಕು, ಮಣ್ಣಿನ ಪದರ ಕಂಡಲ್ಲಿ ಮದ್ದು ತುಂಬಲೇಬೇಡಿ, ಆ ಭಾಗಕ್ಕೂ ಜಲ್ಲಿಯನ್ನೇ ಹಾಕಿ.

ತಳದಲ್ಲಿ ನೀರಿನ ಗುಂಡಿ, ಪಂಪು ಮೊದಲೇ ಸಿದ್ಧವಿರಲಿ.