ಸೀ ಲಯನ್ ಆಟದ ನಿಯಮಗಳು: ದೋಣಿಗಳ ಲೆಕ್ಕ ಮೊದಲು

ಮಾನ್ಯರೇ, 1940ರ ಸೆಪ್ಟೆಂಬರಿನಲ್ಲಿ ಜರ್ಮನಿ ‘ಸೀ ಲಯನ್’ ಎಂಬ ಗುಪ್ತನಾಮದ ತನ್ನ ಯೋಜನೆಯಂತೆ ಬ್ರಿಟನ್ನಿನ ಮೇಲೆ ದಂಡೆತ್ತಿ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಮೇಜಿನ ಮೇಲಿನ ಯುದ್ಧದಾಟವಾಗಿಸಲು ತಾವು ಹೊರಟಿರುವುದು ಸಂತೋಷ. ತಮ್ಮ ಕರಡಿನಲ್ಲಿ ಬ್ರಿಟಿಷ್ ವಾಯುಪಡೆ ಸೋತ ಕೂಡಲೇ ಜರ್ಮನ್ ಆಟಗಾರ ಒಂಬತ್ತು ಡಿವಿಷನ್‌ಗಳನ್ನು ಒಂದೇ ಸರದಿಯಲ್ಲಿ ಇಂಗ್ಲೆಂಡಿನ ಆಗ್ನೇಯದ ಕೆಂಟ್ ಮತ್ತು ಸಸೆಕ್ಸ್ ದಡಕ್ಕೆ ಇಳಿಸಬಹುದೆಂದಿದೆ. ಇದು ಸರಿಯೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಆಟ ಕೆಡುವುದೇ ಇಲ್ಲಿ. ಆಕಾಶ ಗೆದ್ದರೂ ಕಡಲು ದಾಟುವ ಕಷ್ಟ ಉಳಿದೇ ಇರುತ್ತದೆ, ಅದರಲ್ಲೂ ಎರಡನೆಯ ಸಲ ದಾಟುವ ಕಷ್ಟ.

ಜುಲೈ 16ರಂದು ಹಿಟ್ಲರ್ ಸಿದ್ಧತೆಗೆ ಆದೇಶ ಹೊರಡಿಸಿದಾಗ ಜರ್ಮನಿಯ ಬಳಿ ಇಂತಹ ಕೆಲಸಕ್ಕೆಂದೇ ಕಟ್ಟಿದ ದೋಣಿಗಳು ಇರಲಿಲ್ಲವೆಂದೇ ಹೇಳಬೇಕು. ರೈನ್ ನದಿಯಿಂದಲೂ ಹಾಲೆಂಡ್, ಬೆಲ್ಜಿಯಂ, ಫ್ರಾನ್ಸಿನ ಕಾಲುವೆಗಳಿಂದಲೂ ಸುಮಾರು 2,400 ಸರಕು ದೋಣಿಗಳನ್ನು ತಂದು ಸೇರಿಸಿದರು. ಅವುಗಳಲ್ಲಿ ಸ್ವಂತ ಎಂಜಿನ್ ಇದ್ದವು 800ರಷ್ಟು ಮಾತ್ರ. ಪೆನಿಶ್ ಎಂಬ ಸಾಮಾನ್ಯ ಮಾದರಿಯ ಉದ್ದ 38.5 ಮೀಟರ್, ತಳ ಚಪ್ಪಟೆ. ಅದರ ಮೂತಿ ಕತ್ತರಿಸಿ ಇಳಿಜಾರು ಹಲಗೆ ಜೋಡಿಸಿದರು, ಟ್ಯಾಂಕಿನ ಭಾರ ತಾಳಲೆಂದು ಒಳಗೆ ಕಾಂಕ್ರೀಟ್ ನೆಲ ಹಾಕಿದರು. ನಿಂತ ನೀರಿನ ಕಾಲುವೆಗೆ ಕಟ್ಟಿದ ಇಂತಹ ದೋಣಿಗಳನ್ನು ಟಗ್ಗುಗಳ (ಎಳೆಯುವ ಹಡಗುಗಳ) ಹಿಂದೆ ಕಟ್ಟಿ ಎಳೆದರೆ ಗಂಟೆಗೆ ನಾಲ್ಕೈದು ಕಿ.ಮೀ., ಅಂದರೆ ಮನುಷ್ಯ ನಡೆಯುವಷ್ಟು ವೇಗ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಲ್ಲಿ ಉಬ್ಬರದ ಸೆಳೆತ ಜೋರಾದಾಗ ನೀರೇ ಅದಕ್ಕಿಂತ ವೇಗವಾಗಿ ಅಡ್ಡ ಹರಿಯುತ್ತದೆ. ಇಳಿತದ ಹೊತ್ತಿಗೆ ದಡ ಹತ್ತಿದ ದೋಣಿ ಮುಂದಿನ ಉಬ್ಬರದವರೆಗೆ ಅಲ್ಲಿಯೇ ಕೂರಬೇಕು. ಆದ್ದರಿಂದ ಮರಳಿ ಹೋಗಿ ಮತ್ತೆ ತುಂಬಿಕೊಂಡು ಬರುವ ಒಂದು ಸುತ್ತಿಗೆ ಕನಿಷ್ಠ ಎರಡು ದಿನ ಇಡಿ, ಮತ್ತು ಪ್ರತಿ ಸುತ್ತಿನಲ್ಲೂ ಒಂದಷ್ಟು ದೋಣಿಗಳು ಕಳೆದುಹೋಗಲಿ.

ಇನ್ನು ಕಾವಲಿನ ಮಾತು. ಆ ವರ್ಷದ ನಾರ್ವೆ ಕಾರ್ಯಾಚರಣೆಯಲ್ಲಿ ಜರ್ಮನ್ ನೌಕಾಪಡೆ ಹೊಸ ಭಾರಿ ಕ್ರೂಸರ್ ಬ್ಲೂಷರನ್ನೂ ಎರಡು ಹಗುರ ಕ್ರೂಸರುಗಳನ್ನೂ ಹತ್ತು ವಿಧ್ವಂಸಕ ನೌಕೆಗಳನ್ನೂ ಕಳೆದುಕೊಂಡಿತ್ತು. ಷಾರ್ನ್‌ಹೋರ್ಸ್ಟ್ ಮತ್ತು ಗ್ನೈಸೆನೌ ಎಂಬ ದೊಡ್ಡ ಯುದ್ಧನೌಕೆಗಳು ಏಟು ತಿಂದು ರಿಪೇರಿಗೆ ಹೋಗಿದ್ದವು. ಎದುರಿಗೆ ಇಂಗ್ಲೆಂಡಿನ ಬಂದರುಗಳಾದ ಹಾರಿಜ್, ಡೋವರ್, ಪೋರ್ಟ್ಸ್‌ಮತ್, ಪ್ಲಿಮತ್‌ಗಳಿಂದ ರಾತ್ರಿಯೊಳಗೆ ಬಂದೆರಗಬಲ್ಲ ಬ್ರಿಟಿಷ್ ವಿಧ್ವಂಸಕಗಳಿದ್ದವು. ಜರ್ಮನ್ ವಿಮಾನಗಳು ಅವನ್ನು ಮುಳುಗಿಸುತ್ತಿದ್ದವು ಎಂಬ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅದೇ ವರ್ಷ ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೇನೆಯನ್ನು ತೆರವುಗೊಳಿಸುವಾಗ ಹಡಗುಗಳು ನಿಂತಲ್ಲೇ ನಿಂತು ಸೈನಿಕರನ್ನು ಹತ್ತಿಸಿಕೊಳ್ಳುತ್ತಿದ್ದಾಗಲೂ ಬ್ರಿಟನ್ ಕಳೆದುಕೊಂಡದ್ದು ಆರು ವಿಧ್ವಂಸಕಗಳನ್ನು; ಅಲ್ಲಿಂದ 3,38,000ಕ್ಕೂ ಹೆಚ್ಚು ಸೈನಿಕರು ಪಾರಾದರು. 1941ರ ಮೇ ತಿಂಗಳಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಸುತ್ತ ಆಕಾಶ ಜರ್ಮನರದೇ ಆಗಿತ್ತು. ಆದರೂ ಮೇ 21ರ ರಾತ್ರಿ ಜರ್ಮನ್ ಸೈನಿಕರನ್ನು ತುಂಬಿಕೊಂಡು ಬರುತ್ತಿದ್ದ ದೋಣಿಗಳ ಸಾಲನ್ನು ಬ್ರಿಟಿಷ್ ಹಡಗುಗಳು ಕತ್ತಲಲ್ಲೇ ಚದುರಿಸಿದವು, ಮರುದಿನ ಬೆಳಕಿನಲ್ಲಿ ಗ್ಲೌಸ್ಟರ್ ಮತ್ತು ಫಿಜಿ ಎಂಬ ಎರಡು ಕ್ರೂಸರುಗಳನ್ನು ಕಳೆದುಕೊಂಡವು. ಹಾಗಾಗಿ ತಮ್ಮ ಆಟದಲ್ಲಿ ಹಗಲು ಮತ್ತು ರಾತ್ರಿಯ ಸರದಿಗಳು ಬೇರೆ ಬೇರೆ ಇರಲೇಬೇಕು: ಹಗಲಿನಲ್ಲಿ ಬ್ರಿಟಿಷ್ ಹಡಗಿಗೆ ಅಪಾಯ, ರಾತ್ರಿಯಲ್ಲಿ ದೋಣಿಗೆ.

ಜರ್ಮನ್ ಆಟಗಾರನಿಗೂ ಅನ್ಯಾಯವಾಗಬಾರದು. ಡನ್‌ಕರ್ಕ್‌ನಲ್ಲಿ ಫಿರಂಗಿ, ವಾಹನಗಳನ್ನೆಲ್ಲ ಬಿಟ್ಟುಬಂದ ಬ್ರಿಟಿಷ್ ಭೂಸೇನೆಗೆ ಟ್ಯಾಂಕ್ ನಿರೋಧಕ ತೋಪುಗಳು ಕಡಿಮೆ ಕೊಡಿ. ಕಡಲ ಬಾಂಬುಗಳ ಸಾಲು, ವೇಗದ ಟಾರ್ಪಿಡೊ ದೋಣಿಗಳು ಜರ್ಮನರಿಗಿರಲಿ. 1974ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಲ್ಲಿ ಇದೇ ಆಟ ಆಡಿಸಿದಾಗ ತೀರ್ಪುಗಾರರಲ್ಲಿ ಜರ್ಮನ್ ವಾಯುಪಡೆಯ ಅಡಾಲ್ಫ್ ಗ್ಯಾಲಂಡ್ ಕೂಡ ಇದ್ದರು. ಮೊದಲ ಅಲೆ ದಡ ಸೇರಿತು, ಆಮೇಲೆ ನೌಕಾಪಡೆ ಸರಬರಾಜು ತಡೆದದ್ದರಿಂದ ಸೋತಿತು. ಹಾಗಾಗಿ ಲಂಡನ್ ಹಿಡಿಯುವುದನ್ನು ಗೆಲುವಿನ ಷರತ್ತಾಗಿ ಇಡಬೇಡಿ. ದಡದಲ್ಲಿ ಎಷ್ಟು ದಿನ ನಿಲ್ಲಬಲ್ಲರು ಎಂದು ಎಣಿಸಿದರೆ ಇಬ್ಬರಿಗೂ ಆಡುವ ಉತ್ಸಾಹ ಉಳಿಯುತ್ತದೆ.

ದೋಣಿಯ ಮಾದರಿಗಳ ಬಗ್ಗೆಯೂ ಕೇಳಿದ್ದೀರಿ. 1:72ರ ಅಳತೆಯಲ್ಲಿ (ನಿಜದ 72ರಲ್ಲಿ ಒಂದು ಪಾಲು) ಒಂದು ಪೆನಿಶ್ ಮಾಡಿ ನೋಡಿದ್ದೇನೆ, 53 ಸೆಂ.ಮೀ. ಆಯಿತು, ಮೇಜು ಸಾಲಲಿಲ್ಲ. 1:700ರಲ್ಲಿ ಐದೂವರೆ ಸೆಂ.ಮೀ. ಆಗುತ್ತದೆ. ಐಸ್‌ಕ್ರೀಮ್ ಕಡ್ಡಿಯನ್ನು ನಡುವೆ ಕತ್ತರಿಸಿ ಅಂಚು ಸ್ವಲ್ಪ ಉಜ್ಜಿದರೆ ಎರಡು ದೋಣಿ ಸಿದ್ಧ.